ಎರಡನೇ ಪುಟ

ಫೆಬ್ರವರಿ 3

ಅಣ್ಣನಿಗೆ ಗುಂಜಿಯ ನಮಸ್ಕಾರ.

ಪ್ರತಿ ಸಲ ‘ನಾವಿಬ್ಬರೂ ಚೆನ್ನಾಗಿದ್ದೇವೆ’ ಎಂದು ಶುರು ಮಾಡುತ್ತಿದ್ದೆ. ಈ ಸಲ ಆ ಸಾಲು ಬರೆದು, ಹಾಳೆ ಹರಿದು ಹಾಕಿ, ಇನ್ನೊಂದು ಹಾಳೆ ತೆಗೆದುಕೊಂಡಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿ ನನ್ನ ಅರ್ಧ ಮಾತು ನುಂಗುತ್ತದೆ, ಉಳಿದರ್ಧಕ್ಕೆ ನೀನು ‘ಹ್ಞಾಂ, ಅಲ್ಲಿ ಮಳೆನಾ?’ ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ನನ್ನ ಮೇಲೆ ಕಳ್ಳತನದ ಕೇಸಾಗಿದೆ.

ನಮ್ಮ ಲ್ಯಾಬಿನಲ್ಲಿ ಹಲ್ಲು ಮಾಡುತ್ತೇವೆ ಎಂದರೆ ನೀನು ಈಗಲೂ ನಗುತ್ತೀಯ. ಅಲ್ಲಿ ಹಲ್ಲಿನ ಮೇಲೆ ಕೂರಿಸುವ ಚಿನ್ನದ ಟೊಪ್ಪಿಗೆಯ ಕೆಲಸವೆಲ್ಲ ಹದಿನೇಳು ವರ್ಷದಿಂದ ನನ್ನ ಮೇಜಿಗೇ ಬರುತ್ತದೆ, ಅಕ್ಕಸಾಲಿಯ ಮಗಳು ಅಂತ. ಉಜ್ಜುವಾಗ ಹಾರುವ ಪುಡಿಯಲ್ಲಿ ಮೇಜಿನ ತಟ್ಟೆಗೆ ಬಿದ್ದದ್ದನ್ನು ಅವರು ಗುಡಿಸಿಕೊಳ್ಳುತ್ತಾರೆ. ಏಪ್ರನ್ನಿಗೆ ಅಂಟಿದ್ದನ್ನು ಯಾರೂ ಕೇಳುವುದಿಲ್ಲ. ಅಪ್ಪ ಏನು ಮಾಡುತ್ತಿದ್ದರು ನೆನಪಿದೆಯಲ್ಲ? ಸಂಜೆ ಏಳುವಾಗ ತೊಡೆ ಮೇಲಿನ ಬಟ್ಟೆಯನ್ನು ಕಾಗದದ ಮೇಲೆ ಕೊಡವಿ, ಆ ಪುಡಿಯನ್ನು ಡಬ್ಬಿಯಲ್ಲಿಟ್ಟು, ವರ್ಷಕ್ಕೊಮ್ಮೆ ಅಂಗಡಿ ಯಜಮಾನನಿಗೆ ಕೊಟ್ಟು ಬರುತ್ತಿದ್ದರು. ನನಗೂ ಅದೇ ರೂಢಿ. ಏಪ್ರನ್ನು ಮನೆಯಲ್ಲಿ ಒಗೆಯುವ ಮುಂಚೆ ಪೇಪರಿನ ಮೇಲೆ ಕೊಡವಿ, ಔಷಧಿ ಸೀಸೆಯಲ್ಲಿ ಹಾಕಿಟ್ಟು, ವರ್ಷದ ಕೊನೆಗೆ ಹಳೇ ಯಜಮಾನರ ಕೈಗೆ ಕೊಡುತ್ತಿದ್ದೆ. ಅವರು ‘ನಿನ್ನಂಥ ಹುಚ್ಚೀನ ನಾನು ನೋಡಿಲ್ಲ’ ಎಂದು ನಕ್ಕು ಕರಗಿಸುವ ಮೂಸೆಗೆ ಸುರಿಯುತ್ತಿದ್ದರು.

ಈ ಸಲ ಹಳೇ ಯಜಮಾನರಿಗೆ ಶ್ವಾಸದ ಕಾಯಿಲೆ. ಹವೆ ಬದಲಾಯಿಸಲು ಗಂಡ ಹೆಂಡತಿ ದೂರ ಹೋಗಿದ್ದಾರೆ, ಮೇ ತಿಂಗಳವರೆಗೆ ಬರುವುದಿಲ್ಲ, ಫೋನಿಗೂ ಸಿಗುತ್ತಿಲ್ಲ. ಲ್ಯಾಬನ್ನು ಅವರ ತಮ್ಮನ ಮಗ ನೋಡಿಕೊಳ್ಳುತ್ತಿದ್ದಾನೆ. ಜನವರಿಯಲ್ಲಿ ಅವನಿಗೇ ಕೊಡೋಣವೆಂದು ಸೀಸೆ ತೆಗೆದುಕೊಂಡು ಹೋದೆ. ಇಡೀ ದಿನ ಅವನು ಬರಲಿಲ್ಲ. ಸಂಜೆ ಸೀಸೆಯನ್ನು ಚೀಲದಲ್ಲಿಟ್ಟುಕೊಂಡು ಹೊರಟರೆ ಬಾಗಿಲಲ್ಲಿ ತಪಾಸಣೆ. ಅದೂ ಹೊಸದು. ಚಿನ್ನ ಹೊರಗೆ ಹೋಗುತ್ತಿತ್ತು, ನನ್ನ ಚೀಲದಲ್ಲಿತ್ತು. ಅಷ್ಟೇ ಅವರು ಬರೆದುಕೊಂಡದ್ದು.

ಕೋರ್ಟಿನವರೇ ಕೊಟ್ಟ ವಕೀಲನೊಬ್ಬ ಇದ್ದಾನೆ. ಒಳ್ಳೆಯವನು, ಆದರೆ ಸದಾ ಬಸ್ಸು ತಪ್ಪಿಸಿಕೊಂಡವನ ಹಾಗೆ ಇರುತ್ತಾನೆ. ‘ಒಪ್ಪಿಕೊಂಡರೆ ಜೈಲಿಲ್ಲ, ಅವತ್ತೇ ಮನೆ. ಕೇಸು ನಡೆಸಿದರೆ ಎಷ್ಟು ತಿಂಗಳೋ, ಕೊನೆಗೆ ಏನಾಗುತ್ತೋ’ ಅನ್ನುತ್ತಾನೆ. ಮಾರ್ಚ್ 5ಕ್ಕೆ ಉತ್ತರ ಹೇಳಬೇಕು. ನನ್ನ ಪುಟ್ಟಿಗೆ ಇದು ಹತ್ತನೇ ತರಗತಿ. ನೀನು ಕೋರ್ಟು ಅರೆದು ಕುಡಿದವನು. ಏನು ಮಾಡಲಿ, ಹೇಳು.

ನಿನ್ನ ತಂಗಿ
ಗುಂಜಿ

*

ಫೆಬ್ರವರಿ 16

ಪುಟ ೧

ಚಿರಂಜೀವಿ ಗುಂಜಿಗೆ ಅಣ್ಣನ ಆಶೀರ್ವಾದ.

ಪತ್ರ ತಲುಪಿತು. ಎರಡು ಸಲ ಓದಿದೆ. ಮೊದಲನೇ ಸಲ ಅಣ್ಣನಾಗಿ, ಎರಡನೇ ಸಲ ಬೆಂಚ್ ಕ್ಲರ್ಕ್ ಆಗಿ. ಅಣ್ಣ ಅತ್ತ. ಬೆಂಚ್ ಕ್ಲರ್ಕ್ ಅಳಲಿಲ್ಲ, ಆದ್ದರಿಂದ ಅವನ ಮಾತು ಕೇಳು.

ಮೂವತ್ತನಾಲ್ಕು ವರ್ಷ ನ್ಯಾಯಾಧೀಶರ ಕುರ್ಚಿಯ ಕೆಳಗೆ ಕೂತು ಕಡತ ಎತ್ತಿಕೊಟ್ಟವನು ನಾನು. ನನ್ನ ಮೇಜಿನಿಂದ ಒಂದು ಹಾಳೆ ಕಳೆದದ್ದಿಲ್ಲ. ಏಳು ಜನ ನ್ಯಾಯಾಧೀಶರು ಬಂದು ಹೋದರು. ಎಲ್ಲರದೂ ಒಂದೇ ಸ್ವಭಾವ: ‘ತಪ್ಪಾಯ್ತು ಸ್ವಾಮಿ’ ಅಂದವನ ಮೇಲೆ ಅವರಿಗೆ ಕನಿಕರ, ‘ನಾನು ಮಾಡೇ ಇಲ್ಲ’ ಅಂದವನ ಮೇಲೆ ಆಕಳಿಕೆ. ಒಪ್ಪಿಕೊಂಡವನಿಗೆ ಒಂದಿಷ್ಟು ದಂಡ, ಕೋರ್ಟು ಏಳುವವರೆಗೆ ಮೂಲೆಯಲ್ಲಿ ಕೂರುವ ಶಿಕ್ಷೆ. ಸಂಜೆ ಐದಕ್ಕೆ ಅವನು ಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತಾನೆ. ಕೇಸು ನಡೆಸುತ್ತೇನೆ ಅಂದವನು ಹತ್ತು ವರ್ಷ ಚಪ್ಪಲಿ ಸವೆಸುತ್ತಾನೆ.

ನಮ್ಮ ಮನೆಯಲ್ಲೂ ಅದೇ ಅಲ್ಲವೇ ನಡೆದದ್ದು? ಅಪ್ಪನ ತಕ್ಕಡಿ ಬೀಳಿಸಿದ ದಿನ ನೀನು ‘ನಂದೇ ತಪ್ಪು’ ಎಂದು ಕಣ್ಣು ಪಿಳಿಪಿಳಿ ಬಿಟ್ಟೆ, ಬಚಾವಾದೆ. ನಾನು ವಾದ ಮಾಡಿ ಬೆನ್ನಿಗೆ ತಿಂದೆ. ತಕ್ಕಡಿ ಬೀಳಿಸಿದ್ದು ನೀನೇ ಎನ್ನುವುದು ಬೇರೆ ವಿಷಯ.

ಪುಟ ೨

ಒಂದು ಮಾತು ಬಿಟ್ಟರೆ ಕಡತ ಪೂರ್ತಿಯಾಗುವುದಿಲ್ಲ, ಅದಕ್ಕೇ ಬರೆಯುತ್ತೇನೆ. ನಿನ್ನೆ ವಕೀಲರ ಕೋಣೆಗೆ ಹೋಗಿ ಒಬ್ಬ ಹಿರಿಯ ವಕೀಲರ ಹತ್ತಿರ ವಿಷಯ ಎತ್ತಿದೆ. ಅವರು ‘ಹೊರದೇಶದಲ್ಲಿರೋರು ತಪ್ಪು ಒಪ್ಕೊಂಡ್ರೆ ಅಲ್ಲಿನೋರು ವಾಪಸ್ ಕಳಿಸಿಬಿಡೋದೂ ಉಂಟಂತೆ ಕಣ್ರೀ, ಮೊದಲು ವಿಚಾರಿಸೋಕೆ ಹೇಳಿ’ ಅಂದರು. ನೀನು ಇದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಅದೆಲ್ಲ ಕೊಲೆ, ಸುಲಿಗೆ ಮಾಡಿದವರ ಮಾತು. ಹತ್ತೊಂಬತ್ತು ವರ್ಷ ಅಲ್ಲಿ ದುಡಿದವಳನ್ನು, ಅಲ್ಲೇ ಹುಟ್ಟಿದ ಮಗಳ ತಾಯಿಯನ್ನು ಒಂದು ಚಿಟಿಕೆ ಪುಡಿಗಾಗಿ ಯಾರಾದರೂ ಓಡಿಸುತ್ತಾರೆಯೇ? ಆ ವಕೀಲರು ಮಳೆ ಇಲ್ಲದ ದಿನವೂ ಕೊಡೆ ಹಿಡಿದು ಬರುವ ಪೈಕಿ. ಒಪ್ಪಿಕೊಂಡುಬಿಡು.

ಪುಟ ೩

ಪುಟ್ಟಿ ಕಳಿಸಿದ ಕಾಪಿ ಬರಹ ನೋಡಿದೆ. ಒತ್ತಕ್ಷರ ಇನ್ನೂ ಸೊಟ್ಟ. ಆದರೆ ನಾನು ಹೇಳಿದ ಹಾಗೆ ಪ್ರತಿ ಹಾಳೆಗೂ ಸಂಖ್ಯೆ ಹಾಕಿದ್ದಾಳೆ, ಅದಕ್ಕೆ ಪೂರ್ತಿ ಅಂಕ. ಅವಳಿಗೆ ಹೇಳು: ಸಂಖ್ಯೆಯ ಪ್ರಕಾರ ಜೋಡಿಸಬೇಕು, ಒಂದು ಹಾಳೆಯನ್ನೂ ಬಿಡಬಾರದು. ಇಷ್ಟು ಕಲಿತರೆ ಅರ್ಧ ವಿದ್ಯೆ ಬಂದಂತೆ.

ನಿನ್ನ ಅಣ್ಣ
(ಮೂರೂ ಪುಟಗಳಿಗೆ ತಾರೀಕು ಹಾಕಿ ಸಹಿ ಮಾಡಿದ್ದೇನೆ)

*

ಮಾರ್ಚ್ 8

ಅಣ್ಣಾ,

ಮುಗಿಯಿತು. ನಿನ್ನ ಪತ್ರ ಕೈಸೇರಿದ್ದು ಮಾರ್ಚ್ 3ಕ್ಕೆ. ಐದಕ್ಕೆ ಹೋಗಿ ಹೇಳಿಬಿಟ್ಟೆ.

ಕೋರ್ಟಿನ ಕೋಣೆ ನಾನು ಅಂದುಕೊಂಡಷ್ಟು ದೊಡ್ಡದಲ್ಲ. ನಮ್ಮ ಲ್ಯಾಬಿನ ಪ್ಲಾಸ್ಟರ್ ಕೋಣೆಯಷ್ಟೇ ಇದೆ, ಅದೇ ಥರದ ಟ್ಯೂಬ್‌ಲೈಟು. ನ್ಯಾಯಾಧೀಶರು ಹೆಂಗಸು. ‘ತಿಳಿದು ಒಪ್ಪಿಕೊಳ್ಳುತ್ತಿದ್ದೀಯಾ? ಯಾರಾದರೂ ಬಲವಂತ ಮಾಡಿದರಾ?’ ಎಂದು ಕೇಳಿದರು. ನಿನ್ನ ನೆನಪಾಗಿ ನಗು ಬಂತು. ಇಲ್ಲ ಅಂದೆ. ‘ನಂದೇ ತಪ್ಪು’ ಅನ್ನುವಾಗ ಮಾತ್ರ ಅಪ್ಪ ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಾರೇನೋ ಅನ್ನಿಸಿತು.

ಒಂದು ವರ್ಷದ ಶಿಕ್ಷೆ ಕೊಟ್ಟಿದ್ದಾರೆ, ಆದರೆ ಅಮಾನತಿನಲ್ಲಿಟ್ಟಿದ್ದಾರೆ. ಎರಡು ವರ್ಷ ಸರಿಯಾಗಿ ನಡೆದುಕೊಂಡರೆ ಒಂದು ದಿನವೂ ಒಳಗೆ ಹೋಗಬೇಕಾಗಿಲ್ಲ. ಶಿಕ್ಷೆ ಕಾಗದದ ಮೇಲಿದೆ, ನಾನು ಮನೆಯಲ್ಲಿದ್ದೇನೆ. ನೀನು ಹೇಳಿದ ಹಾಗೆ ಸಂಜೆ ಐದಕ್ಕೆ ಕಾಫಿ ಕುಡಿಯುತ್ತಿದ್ದೆ. ಏಳು ನಿಮಿಷವಾಯಿತಂತೆ ಎಲ್ಲ ಸೇರಿ. ವಕೀಲ ಕೈಕುಲುಕಿ ‘ಇದಕ್ಕಿಂತ ಒಳ್ಳೇದು ಸಿಗೋಲ್ಲ’ ಅಂದು ಓಡಿಹೋದ.

ಆ ಹಿರಿಯ ವಕೀಲರ ಮಾತನ್ನು ಇವನ ಹತ್ತಿರ ಕೇಳಬೇಕೆಂದುಕೊಂಡಿದ್ದೆ. ಅವನು ಆಗಲೇ ಮೆಟ್ಟಿಲ ಮೇಲಿದ್ದ. ಆಮೇಲೆ ಮರೆತೆ.

ಲ್ಯಾಬಿನ ಕೆಲಸ ಹೋಯಿತು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಸೇರಿಕೊಂಡಿದ್ದೇನೆ. ಇಲ್ಲಿ ಏಪ್ರನ್ನು ಅವರೇ ಒಗೆಯುತ್ತಾರೆ, ಆ ಭಯವಿಲ್ಲ.

ಗುಂಜಿ

*

ಮಾರ್ಚ್ 22

ಪುಟ ೧

ಚಿರಂಜೀವಿ ಗುಂಜಿಗೆ ಆಶೀರ್ವಾದ.

ನೋಡಿದೆಯಾ! ಹೂವೆತ್ತಿದ ಹಾಗೆ ಮುಗಿಯಿತು. ನಿನ್ನ ಪತ್ರವನ್ನು ನಿನ್ನ ಅತ್ತಿಗೆಗೆ ಗಟ್ಟಿಯಾಗಿ ಓದಿ ಹೇಳಿದೆ. ‘ಅಂತೂ ನಿಮ್ಮ ಮಾತು ಕೇಳೋರು ಒಬ್ರಾದ್ರೂ ಇದ್ದಾರಲ್ಲ’ ಅಂದಳು. ಆ ಕೊಂಕಿಗೂ ಇವತ್ತು ಸಿಟ್ಟು ಬರಲಿಲ್ಲ.

ಆ ದೇಶದಲ್ಲಿರಲು ಕೊಟ್ಟ ನಿನ್ನ ವಾಸದ ಕಾರ್ಡಿನ ಹತ್ತು ವರ್ಷದ ಅವಧಿ ಈ ವರ್ಷ ಮುಗಿಯುತ್ತದೆ ಎಂದಿದ್ದೆ. ತಡ ಮಾಡದೆ ನವೀಕರಣಕ್ಕೆ ಅರ್ಜಿ ಹಾಕು. ಅರ್ಜಿಯ ಜೊತೆ ತೀರ್ಪಿನ ದೃಢೀಕೃತ ನಕಲನ್ನೂ ಲಗತ್ತಿಸು. ಕೇಳದಿದ್ದರೂ ಕೊಡು. ಮುಚ್ಚಿಟ್ಟದ್ದು ನಾಳೆ ಹೊರಬಂದರೆ ಅನುಮಾನ, ನಾವೇ ಮುಂದಿಟ್ಟರೆ ಮರ್ಯಾದೆ. ನನ್ನ ಸರ್ವಿಸಿನಲ್ಲಿ ಪೂರ್ತಿ ಕಡತ ಕೊಟ್ಟವನು ಕೆಟ್ಟದ್ದನ್ನು ನಾನು ನೋಡಿಲ್ಲ.

ಅಣ್ಣ

*

ಜೂನ್ 11

ಅಣ್ಣಾ,

ನಿನ್ನೆ ಕಾರ್ಡಿನ ಆಫೀಸಿಗೆ ಹೋಗಿದ್ದೆ. ಬರೆಯಲೋ ಬೇಡವೋ ಎಂದು ಇಡೀ ದಿನ ಯೋಚಿಸಿದೆ.

ಚೀಟಿ ತೆಗೆದುಕೊಂಡು ಕೂರಬೇಕು. ನೆಲಕ್ಕೆ ಬೋಲ್ಟು ಹಾಕಿದ ಕುರ್ಚಿಗಳು. ಹತ್ತೂ ಬೆರಳಿನ ಗುರುತು ತೆಗೆದರು. ಉಜ್ಜಿ ಉಜ್ಜಿ ನನ್ನ ಹೆಬ್ಬೆರಳಿನ ಗೆರೆ ಸವೆದುಹೋಗಿದೆ, ಮೂರು ಸಲ ಒತ್ತಿಸಿದರು. ಕೌಂಟರಿನವನು ಚಿಕ್ಕ ವಯಸ್ಸಿನವನು. ಅರ್ಜಿ ನೋಡಿ ‘ಎಲ್ಲ ಸರಿ ಇದೆ, ಮನೆಗೆ ಬರುತ್ತೆ’ ಅಂದ. ಆಗ ನಾನು ತೀರ್ಪಿನ ನಕಲು ಮುಂದಿಟ್ಟೆ. ‘ಇದನ್ನ ನಾನು ಕೇಳಿಲ್ವಲ್ಲ’ ಅಂದ. ‘ಇರಲಿ, ಕಡತ ಪೂರ್ತಿಯಾಗಲಿ’ ಅಂದೆ. ಓದಿದ. ಓದಿ ನನ್ನ ಮುಖ ನೋಡಿದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ ಅಣ್ಣ, ಪಾಪ ಅನ್ನುವ ಹಾಗಿತ್ತು.

ಕಾಗದ ಹಿಡಿದು ಒಳಗೆ ಹೋದವನು ನಲವತ್ತು ನಿಮಿಷ ಬರಲಿಲ್ಲ. ಬಂದಾಗ ಜೊತೆಗೆ ಇನ್ನೊಬ್ಬರಿದ್ದರು. ನನ್ನ ಹಳೇ ಕಾರ್ಡು ಅವರೇ ಇಟ್ಟುಕೊಂಡರು. ಪ್ರತಿ ತಿಂಗಳ ಎರಡನೇ ಮಂಗಳವಾರ ಬಂದು ಸಹಿ ಹಾಕಬೇಕೆಂದು ಒಂದು ಚೀಟಿ ಕೊಟ್ಟರು. ಯಾಕೆ ಎಂದು ಕೇಳಿದರೆ ಪತ್ರ ಬರುತ್ತದೆ ಅಂದರು.

ಪುಟ್ಟಿಗೆ ಕಾರ್ಡು ಮನೆಗೆ ಬರುತ್ತದೆ ಎಂದಷ್ಟೇ ಹೇಳಿದ್ದೇನೆ. ದಿನಾ ಶಾಲೆಯಿಂದ ಬಂದ ಕೂಡಲೇ ಅಂಚೆಪೆಟ್ಟಿಗೆ ತೆಗೆದು ನೋಡುತ್ತಾಳೆ. ನಾನು ಅವಳಿಗಿಂತ ಮುಂಚೆ ನೋಡಿರುತ್ತೇನೆ.

ಗುಂಜಿ

*

ಜುಲೈ 2

ಗುಂಜಿ,

ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಸರಕಾರಿ ಕಚೇರಿ ಎಂದಮೇಲೆ ಕಾಗದ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಗಾಬರಿ ಬೇಡ. ಮುಂದಿನದು ತಿಳಿದ ಕೂಡಲೇ ಬರೆ.

ಅಣ್ಣ

*

ಜುಲೈ 20

ಅಣ್ಣಾ,

ಪತ್ರ ಬಂತು. ನನ್ನನ್ನು ಈ ದೇಶದಿಂದ ಕಳಿಸಬೇಕೆಂದು ತೀರ್ಮಾನಿಸಿದ್ದಾರೆ. ಯಾಕೆ ಕಳಿಸಬಾರದು ಎನ್ನುವುದಕ್ಕೆ ಕಾರಣ ನಾನು ತೋರಿಸಬೇಕಂತೆ.

ಹಳೇ ಯಜಮಾನರ ಹೆಂಡತಿ ನನ್ನ ಕೈಹಿಡಿದು ಒಬ್ಬ ವಕೀಲೆಯ ಹತ್ತಿರ ಕರೆದುಕೊಂಡು ಹೋದರು. ಈಕೆಗೆ ಇದೊಂದೇ ಕೆಲಸ, ಹೊರಗಿನವರ ಕೇಸು. ತೀರ್ಪಿನ ಕಾಗದ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಇದಕ್ಕೆ ಯಾರು ಒಪ್ಪಿಸಿದ್ದು ನಿಮ್ಮನ್ನ?’ ಅಂದರು.

ಅವರು ತಿಳಿಸಿ ಹೇಳಿದ್ದನ್ನು ನಿನಗೂ ಹೇಳುತ್ತೇನೆ. ಎರಡು ಕೋರ್ಟು, ಎರಡು ಕಣ್ಣು. ಮೊದಲನೆಯ ಕೋರ್ಟಿನ ಕಣ್ಣಿಗೆ ನಾನು ಒಂದು ದಿನವೂ ಜೈಲಿಗೆ ಹೋಗದವಳು. ಹೊರದೇಶದವರ ವಿಷಯ ನೋಡುವ ಎರಡನೆಯದರ ಕಣ್ಣಿಗೆ ಕಳ್ಳತನದಲ್ಲಿ ಒಂದು ವರ್ಷ ಶಿಕ್ಷೆಯಾದವಳು. ಅಮಾನತಿನಲ್ಲಿಟ್ಟದ್ದು ಲೆಕ್ಕಕ್ಕೇ ಇಲ್ಲ. ಇಲ್ಲಿ ಹುಟ್ಟಿದವಳಾಗಿದ್ದರೆ ಇದು ಒಂದು ಬೈಗುಳದ ಹಾಗೆ ಬಂದು ಹೋಗುತ್ತಿತ್ತು. ಶಿಕ್ಷೆ ಒಂದು ವರ್ಷಕ್ಕೆ ಒಂದೇ ಒಂದು ದಿನ ಕಡಿಮೆ ಬರೆಸಿದ್ದರೂ ಈ ಪತ್ರ ಬರುತ್ತಿರಲಿಲ್ಲವಂತೆ. ಆ ಒಂದು ದಿನವನ್ನು ಕೇಳಿದ್ದರೆ ಕೊಡುತ್ತಿದ್ದರಂತೆ, ಯಾರೂ ಕೇಳಲಿಲ್ಲ. ಕೇಸು ನಡೆಸಿದ್ದರೆ ಮೇ ತಿಂಗಳಲ್ಲಿ ಹಳೇ ಯಜಮಾನರು ಬಂದು ಸಾಕ್ಷಿ ಹೇಳುತ್ತಿದ್ದರು. ಈಗಲೂ ಅವರು ಆಮ್ಲಜನಕದ ನಳಿಗೆ ಮೂಗಿಗೆ ಸಿಕ್ಕಿಸಿಕೊಂಡೇ ‘ನಾನು ಬರ್ತೀನಿ, ನಾನು ಹೇಳ್ತೀನಿ’ ಅನ್ನುತ್ತಿದ್ದಾರೆ. ಒಪ್ಪಿಕೊಂಡಮೇಲೆ ಸಾಕ್ಷಿ ಯಾರಿಗೆ ಬೇಕು?

ದಾರಿ ಒಂದೇ. ‘ಒಪ್ಪಿಕೊಂಡರೆ ದೇಶ ಬಿಡಬೇಕಾಗುತ್ತದೆಂದು ನನಗೆ ಯಾರೂ ತಿಳಿಸಿರಲಿಲ್ಲ, ಗೊತ್ತಿದ್ದರೆ ಒಪ್ಪುತ್ತಿರಲಿಲ್ಲ’ ಎಂದು ತೋರಿಸಿದರೆ ಹಳೇ ತೀರ್ಪನ್ನು ರದ್ದು ಮಾಡಿಸಬಹುದು. ‘ಆ ದಿನಗಳಲ್ಲಿ ಯಾರಿಗಾದರೂ ಪತ್ರ ಬರೆದಿದ್ದೀರಾ, ಯಾರಾದರೂ ನಿಮಗೆ ಬರೆದಿದ್ದಾರಾ? ಎಲ್ಲ ತನ್ನಿ’ ಅಂದರು.

ಬಿಸ್ಕತ್ತಿನ ಡಬ್ಬಿಯಲ್ಲಿ ನಿನ್ನ ಪತ್ರಗಳೆಲ್ಲ ಇವೆ. ಫೆಬ್ರವರಿಯದನ್ನು ತೆಗೆದು ಓದಿದೆ. ಮೊದಲನೇ ಪುಟ ಓದಿ, ಇದೇ ಸಾಕ್ಷಿ, ಇದನ್ನೇ ಕೊಡುತ್ತೇನೆ ಅಂದುಕೊಂಡೆ. ಆಮೇಲೆ ಎರಡನೇ ಪುಟ ಓದಿದೆ.

ನಿನಗೆ ಅದು ನೆನಪಿದೆಯೋ ಇಲ್ಲವೋ.

ಗುಂಜಿ

*

ಆಗಸ್ಟ್ 6

ಗುಂಜಿ,

ನೆನಪಿದೆ. ಪ್ರತಿ ಅಕ್ಷರ ನೆನಪಿದೆ.

ಆ ಹಿರಿಯ ವಕೀಲರು ದಿನಾ ಬೆಳಿಗ್ಗೆ ನಮ್ಮ ಬೀದಿಯಲ್ಲಿ ವಾಕಿಂಗ್ ಹೋಗುತ್ತಾರೆ. ನಾನು ಬಾಗಿಲು ಹಾಕಿಕೊಂಡು ಒಳಗೆ ಇರುತ್ತೇನೆ.

ಮೂರನೇ ಪುಟ ಮುಗಿಸಿ ಹಾಳೆಗೆಲ್ಲ ಸಹಿ ಹಾಕಿದ ಆ ಸಂಜೆ ನನಗೆ ಎಷ್ಟು ಹೆಮ್ಮೆಯಿತ್ತು ಗೊತ್ತಾ? ತಂಗಿಯ ಕೇಸನ್ನು ಇಲ್ಲಿಂದಲೇ ಗೆದ್ದುಕೊಟ್ಟೆ ಅಂದುಕೊಂಡಿದ್ದೆ. ಮೂವತ್ತನಾಲ್ಕು ವರ್ಷದಲ್ಲಿ ನಾನು ನೋಡಿದ್ದು ಸಂಜೆ ಮನೆಗೆ ಹೋದವರನ್ನು ಮಾತ್ರ. ಮನೆ ಇರುವ ಊರಿನಿಂದಲೇ ಓಡಿಸಿಕೊಳ್ಳುವವರು ನನ್ನ ಮೇಜಿನ ಮುಂದೆ ಬಂದೇ ಇರಲಿಲ್ಲ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಅದೇ ಕಾಗದ, ಅದೇ ಶಾಯಿ. ಪುಟ ೨, ಫೆಬ್ರವರಿ 16, ಕೆಳಗೆ ನನ್ನ ಸಹಿ. ಅದರಲ್ಲಿ ಆ ವಕೀಲರ ಮಾತಿಲ್ಲ. ಸುಮ್ಮನೆ ಮನೆಯ ವಿಷಯ ಬರೆದು ತುಂಬಿಸಿದ್ದೇನೆ. ಹಳೆಯದನ್ನು ಒಲೆಗೆ ಹಾಕಿ ಇದನ್ನು ಅದರ ಜಾಗದಲ್ಲಿಡು. ಪುಟಗಳಿಗೆ ಸಂಖ್ಯೆ ಇರುವುದರಿಂದ ಬರೀ ತೆಗೆದುಹಾಕಿದರೆ ಗೊತ್ತಾಗಿಬಿಡುತ್ತದೆ.

ಹಿಂದಿನ ತಾರೀಕು ಹಾಕಿ ಕಾಗದ ಮಾಡಿದ ಒಬ್ಬ ಗುಮಾಸ್ತನನ್ನು ನಾನೇ ಹಿಡಿದುಕೊಟ್ಟಿದ್ದೆ, ಅವನ ನೌಕರಿ ಹೋಯಿತು. ಈ ಹಾಳೆ ಬರೆಯುವಾಗ ಅವನ ಮುಖ ಕಣ್ಣಮುಂದೆ ಬಂತು. ಆದರೂ ಬರೆದೆ. ನೀನು ಇದನ್ನು ಬಳಸಲೇಬೇಕು. ಅಣ್ಣನ ಮಾತು ಇದೊಂದು ಸಲ ಕೇಳು.

ಅಣ್ಣ

*

ಆಗಸ್ಟ್ 25

ಅಣ್ಣಾ,

ಹಾಳೆ ಬಂತು. ಅಕ್ಷರವೆಲ್ಲ ನಿನ್ನದೇ, ಆದರೆ ಸಾಲುಗಳು ಕೆಳಗೆ ಇಳಿದಿವೆ. ಪಕ್ಕಪಕ್ಕ ಇಟ್ಟರೆ ನನಗೇ ಗೊತ್ತಾಗುತ್ತದೆ.

ನಾನು ವಕೀಲೆಯ ಹತ್ತಿರ ಬೇರೆ ಯಾರದೋ ಕಥೆ ಎನ್ನುವ ಹಾಗೆ ಕೇಳಿದೆ. ‘ಮನೆಯವರು ಯಾರೋ ಇಂಥ ಮಾತು ಬರೆದು, ಕೆಳಗೇ ತಲೆ ಕೆಡಿಸಿಕೊಳ್ಳಬೇಡ ಅಂದಿದ್ದರೆ?’ ಎಂದು. ಅವರು ದೊಡ್ಡ ತೊಡಕೇನಲ್ಲ ಅಂದರು. ತಿಳಿಸಬೇಕಾಗಿದ್ದದ್ದು ನನ್ನ ವಕೀಲ. ದೂರದಲ್ಲಿರುವ ಮನೆಯವರು ಯಾರದೋ ಮಾತು ಬರೆದು, ಕೆಳಗೇ ‘ತಲೆ ಕೆಡಿಸಿಕೊಳ್ಳಬೇಡ’ ಅಂದರೆ ಅದು ತಿಳಿಸಿದಂತಲ್ಲ, ವಾದ ಮಾಡಬಹುದು ಅಂದರು. ಮೊನ್ನೆಯಿಂದ ಸರಿಯಾಗಿ ಉಸಿರಾಡುತ್ತಿದ್ದೇನೆ.

ಆದ್ದರಿಂದ ಹಳೇ ಪುಟವನ್ನೇ ಇದ್ದದ್ದು ಇದ್ದ ಹಾಗೆ ಕೊಡುತ್ತೇನೆ. ಹೊಸದನ್ನು ಬಟ್ಟೆಯ ಡ್ರಾಯರಿನಲ್ಲಿ, ತಳದ ಕಾಗದದ ಕೆಳಗೆ ಇಟ್ಟಿದ್ದೇನೆ. ಅದರ ಜೊತೆ ಬಂದ ನಿನ್ನ ಪತ್ರವನ್ನು ಸುಟ್ಟುಹಾಕಿದೆ. ಈ ಹಾಳೆಯನ್ನೂ ಹರಿಯಬೇಕು ಎಂದು ಕೈಗೆ ತೆಗೆದುಕೊಂಡೆ, ಆಗಲಿಲ್ಲ. ನನಗಾಗಿ ನೀನು ಮಾಡಿದ ಮೊದಲನೇ ತಪ್ಪು ಕೆಲಸ ಅದು. ಸೆಪ್ಟೆಂಬರ್ 9ಕ್ಕೆ ಸಹಿ ಹಾಕಲು ಹೋಗಬೇಕು. ಬಂದಮೇಲೆ ಡಬ್ಬಿ ತೆಗೆದುಕೊಂಡು ವಕೀಲೆಯ ಹತ್ತಿರ ಹೋಗುತ್ತೇನೆ. ಕೊಡಲು 12ರವರೆಗೆ ಸಮಯವಿದೆ.

ನೀನು ಬಾಗಿಲು ತೆಗೆದು ಹೊರಗೆ ಓಡಾಡು. ನನಗೆ ನಿನ್ನ ಮೇಲೆ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಒಂದು ವಾರ ನಿನ್ನ ಫೋಟೋ ಗೋಡೆಯ ಕಡೆ ತಿರುಗಿಸಿಟ್ಟಿದ್ದೆ. ಈಗ ಮತ್ತೆ ತಿರುಗಿಸಿದ್ದೇನೆ.

ನಿನ್ನ
ಗುಂಜಿ

*

ಸೆಪ್ಟೆಂಬರ್ 14

ಪುಟ ೧

ಪ್ರೀತಿಯ ಮಾವ,

ನಾನು ಪುಟ್ಟಿ. ನನ್ನ ಕನ್ನಡ ತಪ್ಪಿದ್ದರೆ ಬೇಜಾರು ಮಾಡ್ಕೋಬೇಡಿ.

ಅಮ್ಮ ಮಂಗಳವಾರ ಸಹಿ ಹಾಕೋಕೆ ಹೋದಳು, ವಾಪಸ್ ಬರಲಿಲ್ಲ. ಅವರೇ ಇಟ್ಟುಕೊಂಡಿದ್ದಾರೆ. ಅವಳ ಊಟದ ಡಬ್ಬಿ, ಬೀಗದ ಕೈ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನಗೆ ಕೊಟ್ಟರು. ಡಬ್ಬಿ ತೊಳೆದಿರಲಿಲ್ಲ, ನಾನು ತೊಳೆದಿಟ್ಟೆ. ಈಗ ಹಳೇ ಯಜಮಾನರ ಮನೆಯಲ್ಲಿದ್ದೇನೆ. ಅಜ್ಜಿ ಚೆನ್ನಾಗಿ ನೋಡಿಕೊಳ್ತಾರೆ.

ಪುಟ ೨

ಶುಕ್ರವಾರ ಕೊನೇ ದಿನ ಅಂತ ವಕೀಲೆ ಆಫೀಸಿಂದ ಫೋನ್ ಬಂತು, ಇರೋ ಪತ್ರ ಎಲ್ಲ ತಾ ಅಂತ. ನಾನು ಶಾಲೆ ಬಿಟ್ಟು ಹೋದೆ. ನಿಮ್ಮ ಕೈಬರಹ ಕೂಡಿಸಿಕೊಂಡು ಓದೋಕೆ ನನಗೆ ತುಂಬಾ ಹೊತ್ತು ಬೇಕು, ಆದರೆ ಸಂಖ್ಯೆ ಮತ್ತು ತಾರೀಕು ಬರುತ್ತೆ. ಡಬ್ಬಿಯಲ್ಲಿರೋದನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿದೆ. ಆಮೇಲೆ ಎಲ್ಲಾದರೂ ಬಿಟ್ಟಿದೆಯಾ ಅಂತ ಮನೆಯೆಲ್ಲ ಹುಡುಕಿದೆ. ಡ್ರಾಯರಲ್ಲಿ ಕಾಗದದ ಕೆಳಗೆ ಇನ್ನೊಂದು ಹಾಳೆ ಸಿಕ್ಕಿತು! ಫೆಬ್ರವರಿ 16, ಪುಟ ೨. ಡಬ್ಬಿಯಲ್ಲೂ ಅದೇ ತಾರೀಕಿನ ಪುಟ ೨ ಇತ್ತು. ಎರಡನ್ನೂ ಒಂದರ ಹಿಂದೆ ಒಂದು ಇಟ್ಟೆ. ವಕೀಲೆ ಬೇರೆ ಕೋರ್ಟಿಗೆ ಹೋಗಿದ್ದರು. ಅವರ ಗುಮಾಸ್ತೆ ಎಲ್ಲದರ ನಕಲು ತೆಗೆದು ನಾಲ್ಕೂವರೆಗೆ ಕೋರ್ಟಿಗೆ ಕೊಟ್ಟರು. ಅವರಿಗೂ ಕನ್ನಡ ಬರಲ್ಲ, ಅನುವಾದ ಕೋರ್ಟಿನವರೇ ಮಾಡಿಸ್ತಾರಂತೆ.

ನೀವು ಹೇಳಿದ ಹಾಗೆ ಒಂದು ಹಾಳೆನೂ ಬಿಟ್ಟಿಲ್ಲ ಮಾವ.

ನಿಮ್ಮ
ಪುಟ್ಟಿ

*

ಅಕ್ಟೋಬರ್ 30

ಅಣ್ಣಾ,

ಇಲ್ಲಿ ವಾರಕ್ಕೆ ಎರಡು ಹಾಳೆ ಕೊಡುತ್ತಾರೆ. ಪೆನ್ನು ಮೆತ್ತಗಿನ ಪ್ಲಾಸ್ಟಿಕ್ಕು, ಒತ್ತಿದರೆ ಬಾಗುತ್ತದೆ. ಅಕ್ಷರ ಸೊಟ್ಟವಾದರೆ ನಗಬೇಡ.

ಪುಟ್ಟಿಯ ಪತ್ರ ಓದಿ ನೀನು ಪಕ್ಕದ ಮನೆಯವರಿಂದ ವಕೀಲೆಗೆ ಫೋನ್ ಮಾಡಿಸಿದೆಯಂತೆ, ಗೊತ್ತಾಯಿತು. ಅಷ್ಟರಲ್ಲಿ ಕಾಗದ ಕೋರ್ಟಿನಲ್ಲಿತ್ತು.

ಸೋಮವಾರ ವಿಚಾರಣೆ ಆಯಿತು. ಅದೇ ನ್ಯಾಯಾಧೀಶರು. ಅನುವಾದಕ ಎರಡೂ ಹಾಳೆಯನ್ನು ಗಟ್ಟಿಯಾಗಿ ಓದಿದ. ಒಂದೇ ತಾರೀಕು, ಒಂದೇ ಸಂಖ್ಯೆ, ಒಂದೇ ಸಹಿ. ಒಂದರಲ್ಲಿ ವಕೀಲರ ಎಚ್ಚರಿಕೆ. ಇನ್ನೊಂದರಲ್ಲಿ ಅತ್ತಿಗೆಯ ಮಂಡಿನೋವು, ಮನೆಗೆ ಬಣ್ಣ ಹೊಡೆಸಿದ್ದು. ನೀನು ಆ ಹಾಳೆಯಲ್ಲಿ ಏನು ತುಂಬಿಸಿದ್ದೆ ಅಂತ ನಾನು ಮನಸ್ಸಿಟ್ಟು ಕೇಳಿದ್ದು ಅವತ್ತೇ. ನ್ಯಾಯಾಧೀಶರು ಎರಡನ್ನೂ ಎರಡು ಕೈಯಲ್ಲಿ ಎತ್ತಿ ಹಿಡಿದು ‘ಇದರಲ್ಲಿ ಯಾವುದು ನಿಜ?’ ಅಂದರು. ನಾನು ನಿಜವನ್ನೇ ಹೇಳಿದೆ. ಹಳೇ ಯಜಮಾನರು ಗಾಲಿಕುರ್ಚಿಯಲ್ಲಿ ಬಂದಿದ್ದರು, ಅವರನ್ನು ಕರೆಯಲೇ ಇಲ್ಲ. ಸುಳ್ಳು ಕಾಗದ ಕೊಟ್ಟವಳ ಯಾವ ಮಾತನ್ನೂ ನಂಬಲಾಗುವುದಿಲ್ಲ ಎಂದು ಅರ್ಜಿ ವಜಾ ಮಾಡಿದರು. ವಕೀಲೆ ಆಮೇಲೆ, ಹಳೇ ಪುಟ ಒಂದೇ ಇದ್ದಿದ್ದರೆ ಗೆಲ್ಲುತ್ತಿದ್ದೆವು ಅಂದರು. ಅನ್ನಬಾರದಿತ್ತು.

ನವೆಂಬರ್ 18ಕ್ಕೆ ವಿಮಾನ. ಒಂದು ಚೀಲ ತರಬಹುದು. ಮತ್ತೆ ಇಲ್ಲಿಗೆ ಕಾಲಿಡುವಂತಿಲ್ಲ, ಎಂದಿಗೂ. ಪುಟ್ಟಿ ಇಲ್ಲೇ ಓದು ಮುಗಿಸಲಿ. ಅವಳಿಗೆ ಇದೇ ಊರು, ಇಲ್ಲೇ ಹುಟ್ಟಿದವಳು. ಅವಳನ್ನು ಯಾರೂ ಕಳಿಸುವಂತಿಲ್ಲ.

ಒಂದೇ ಮಾತು ಕೇಳುತ್ತೇನೆ. ಆ ಹಾಳೆಯಿಂದ ಹೀಗಾಯಿತು ಎನ್ನುವುದು ಅವಳಿಗೆ ಗೊತ್ತಾಗಬಾರದು. ಗಾಜಿನ ಆಚೆ ಕೂತು ‘ನಾನು ಎಲ್ಲ ಸರಿಯಾಗಿ ಜೋಡಿಸಿದೆ ಅಮ್ಮ’ ಅನ್ನುತ್ತಾಳೆ. ನಾನು ಹೌದು ಅಂದಿದ್ದೇನೆ.

ಗುಂಜಿ

*

ನವೆಂಬರ್ 5

ಪ್ರೀತಿಯ ಮಾವ,

ಅಮ್ಮನನ್ನು ಕೇಳಿದರೆ ಮಾತು ಬದಲಿಸ್ತಾಳೆ. ವಕೀಲೆಯನ್ನು ಕೇಳಿದರೆ ನನ್ನ ತಲೆ ಸವರ್ತಾರೆ. ತೀರ್ಪು ಓದಲು ಕೇಳಿದೆ, ಹದಿನೆಂಟು ತುಂಬಲಿ ಕೊಡ್ತೀನಿ ಅಂದರು. ಇನ್ನು ಎರಡು ವರ್ಷ ಇದೆ. ನಾನು ಹಾಳೆ ಸರಿಯಾಗಿ ಜೋಡಿಸಿದ್ದೆ ಅಲ್ವಾ ಮಾವ? ನೀವು ಹೇಳಿದರೆ ನಂಬ್ತೀನಿ.

ಪುಟ್ಟಿ

*

ನವೆಂಬರ್ 21

ಪುಟ ೧

ಪುಟ್ಟಿಗೆ ಮಾವನ ಆಶೀರ್ವಾದ.

ನಿನ್ನ ಅಮ್ಮ ಬಂದಳು. ವಿಮಾನ ನಿಲ್ದಾಣದಲ್ಲಿ ನಾನು ಮೊದಲು ಗುರುತಿಸಲಿಲ್ಲ, ಅವಳೇ ಬಂದು ನನ್ನ ಕೈಯಿಂದ ಕೊಡೆ ತೆಗೆದುಕೊಂಡಳು. ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ. ನನ್ನ ಜೊತೆ ಮಾತಾಡುತ್ತಾಳೆ. ನಿನ್ನೆ ಸಂಜೆ ಚೀಲದಿಂದ ಹಳೇ ಏಪ್ರನ್ನು ತೆಗೆದು, ನೆಲದ ಮೇಲೆ ಪೇಪರು ಹಾಸಿ ಕೊಡವಿದಳು. ಏನೂ ಬೀಳಲಿಲ್ಲ. ಪೇಪರು ಮಡಿಸಿಟ್ಟಳು.

ನೀನು ಒಂದು ಪ್ರಶ್ನೆ ಕೇಳಿದ್ದೀಯ. ಉತ್ತರ ಕೊಡಬಾರದೆಂದು ನಿನ್ನಮ್ಮ ಹೇಳಿದ್ದಾಳೆ. ಆದರೆ ಎರಡು ವರ್ಷವಾದಮೇಲೆ ಆ ತೀರ್ಪನ್ನು ನೀನು ಒಬ್ಬಳೇ ಕೂತು ಓದುತ್ತೀಯ. ಪಕ್ಕದಲ್ಲಿ ನಾವು ಯಾರೂ ಇರುವುದಿಲ್ಲ. ಅವತ್ತು ನಿನಗೆ ಬೇಕಾಗುವ ಕಾಗದ ಇದು.

ನೀನು ಹಾಳೆಗಳನ್ನು ಸರಿಯಾಗಿ ಜೋಡಿಸಿದ್ದೆ. ಅದರಲ್ಲಿ ಒಂದು ಹಾಳೆ ಸುಳ್ಳಿನದು. ಅದನ್ನು ಬರೆದವನು ನಾನು. ಆಗಸ್ಟ್ 6ರಂದು, ನನ್ನ ಮನೆಯ ಮೇಜಿನ ಮೇಲೆ, ಹಿಂದಿನ ತಾರೀಕು ಹಾಕಿ ಬರೆದು ಕಳಿಸಿದೆ. ನಿನ್ನ ಅಮ್ಮ ಅದನ್ನು ಬಳಸಲು ಒಪ್ಪದೆ ಬಚ್ಚಿಟ್ಟಿದ್ದಳು. ಎರಡು ಹಾಳೆ ಒಟ್ಟಿಗೆ ಸಿಕ್ಕಿದ್ದರಿಂದ ಕೋರ್ಟು ಅವಳನ್ನು ನಂಬಲಿಲ್ಲ. ಅದಕ್ಕೂ ಮೊದಲು, ತಪ್ಪೇ ಮಾಡದ ಅವಳಿಗೆ ತಪ್ಪಾಯ್ತು ಅಂದುಬಿಡು ಎಂದು ಹೇಳಿಕೊಟ್ಟವನೂ ನಾನೇ. ಯಾರೂ ಕೇಳದ ತೀರ್ಪಿನ ನಕಲನ್ನು ಕೌಂಟರಿನಲ್ಲಿ ಕೊಡಿಸಿದವನೂ ನಾನೇ. ನಿನ್ನ ಅಮ್ಮನ ತಪ್ಪಿಲ್ಲ. ನಿನ್ನದು ಎಳ್ಳಷ್ಟೂ ಇಲ್ಲ. ತಪ್ಪು ನನ್ನದು.

ಜೀವಮಾನವೆಲ್ಲ ಜನ ಈ ಮಾತು ಹೇಳಿ ಮನೆಗೆ ಹೋಗುವುದನ್ನು ನೋಡಿದೆ. ಕೇಸು ಮುಗಿಯಲಿ ಎಂದು ಹೇಳುತ್ತಿದ್ದರು. ನನ್ನದು ಮುಗಿಯುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಇದು ಒಂದೇ ಪುಟದ ಪತ್ರ. ಸಂಖ್ಯೆ ಹಾಕಿ ಸಹಿ ಮಾಡಿದ್ದೇನೆ. ಮಡಿಸದೆ ನಿನ್ನ ಅಮ್ಮನ ಕೈಗೆ ಕೊಡುತ್ತೇನೆ, ಓದಲಿ. ಅಂಚೆಗೆ ಹಾಕುವುದೋ ಒಲೆಗೆ ಹಾಕುವುದೋ ಅವಳಿಗೆ ಬಿಟ್ಟದ್ದು, ಈ ಸಲ ನಾನು ಏನೂ ಹೇಳುವುದಿಲ್ಲ. ಇದು ನಿನ್ನ ಕೈಸೇರಿದ್ದರೆ ಅವಳೇ ಹಾಕಿದ್ದಾಳೆ ಎಂದು ತಿಳಿದುಕೋ.

ನಿನ್ನ ಮಾವ